ಗಂಡನ ಹೆಸರಿನ ಕಾಲಂ

ಪುಣೆಗೆ ಬಂದ ಮೊದಲ ದಿನವೇ ನನ್ನ ಹೆಸರು ಬದಲಾಯಿತು. ನಾನು ಗುಮಾಸ್ತಳಾಗಿ ಸೇರಿದ್ದು ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ. ಅಲ್ಲಿಯ ಕಚೇರಿಯಲ್ಲಿ ಕೂತಿದ್ದ ಹೆಂಗಸು ನನ್ನ ಅಂಕಪಟ್ಟಿ ತಿರುವಿ ಹಾಕಿ, “ಆಡನಾವ ಕಾಯ?” ಎಂದರು. ಆಡನಾವ ಎಂದರೆ ಅಡ್ಡಹೆಸರು. ನಮ್ಮ ಮನೆತನಕ್ಕೆ ಅಂಥದೊಂದು ಇದ್ದಿರಬಹುದು, ಆದರೆ ಯಾವ ಕಾಗದದಲ್ಲೂ ಇರಲಿಲ್ಲ. ಕಾಗದದಲ್ಲಿ ನಾನು ‘ಸಾವಿತ್ರಿ ತಂದೆ ಶರಣಪ್ಪ’. ಅವರು ಆ ‘ತಂದೆ’ ಎಂಬ ಶಬ್ದದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು. ಹೇಳಿದೆ. ಅವರಿಗೆ ಅದು ಹಿಡಿಸಲಿಲ್ಲ. ಊರು ಯಾವುದು ಎಂದರು. ಅಫಜಲಪುರ ತಾಲೂಕಿನ ಅತನೂರ ಎಂದೆ. “ಮಗ್ ಝಾಲಂ, ಅತನೂರಕರ,” ಎಂದು ಬರೆದೇಬಿಟ್ಟರು. ಆಯಿತಲ್ಲ, ಮುಗೀತು ಅಂತ ಅರ್ಥ.

ಅವತ್ತಿನಿಂದ ಇಲ್ಲಿ ನಾನು ಅತನೂರಕರ ಮೇಡಂ. ನಮ್ಮೂರಿನಲ್ಲಿ ಹೊಸಬರನ್ನು ಕಂಡರೆ ಮೊದಲ ಪ್ರಶ್ನೆ “ಯಾರ ಪೈಕಿಬೇ?” ಅಂತ. ಅಪ್ಪನ ಹೆಸರು, ಮುತ್ಯಾನ ಹೆಸರು, ಬೇಕಾದರೆ ಸೋದರಮಾವನ ಹೊಲ ಎಲ್ಲಿದೆ ಎಂಬುದೂ ಹೊರಬೀಳುವ ತನಕ ಬಿಡುವುದಿಲ್ಲ. ಇಲ್ಲಿ ಎರಡು ವರ್ಷವಾದರೂ ನನ್ನ ಅಪ್ಪ ಏನು ಮಾಡುತ್ತಾನೆಂದು ಒಬ್ಬರೂ ಕೇಳಿಲ್ಲ. ಮೊದಲ ತಿಂಗಳು ಅದು ಬಿಡುಗಡೆ ಅನ್ನಿಸಿತು. ಎರಡನೆಯ ತಿಂಗಳು, ಯಾರಾದರೂ ಕೇಳಬಾರದೇ ಅನ್ನಿಸಿತು.

ಪೋಳಿ ಎಂದರೆ ಇಲ್ಲಿ ಚಪಾತಿ. ನನಗೆ ಹೂರಣದ ಹೋಳಿಗೆ ನೆನಪಾಗಿ, ಇವರಿಗೆ ದಿನಾ ಹಬ್ಬವೇನೋ ಅಂದುಕೊಂಡಿದ್ದೆ. ಮೆಸ್ಸಿನ ಪೋಳಿ ಬಿಸಿಯಾಗಿದ್ದಾಗ ಮೆತ್ತಗಿರುತ್ತದೆ, ಆರಿದರೆ ಬಟ್ಟೆ. ಖಟಕ ರೊಟ್ಟಿ ಮುರಿಯುವ ಸದ್ದಿಲ್ಲದ ಊಟ ನನಗೆ ಬಹಳ ದಿನ ಊಟವೇ ಅನ್ನಿಸಲಿಲ್ಲ. ಅವ್ವ ಕುಟ್ಟಿ ಕಟ್ಟಿಕೊಟ್ಟ ಶೇಂಗಾಹಿಂಡಿಯನ್ನು, ಅಂದರೆ ಶೇಂಗಾ ಚಟ್ನಿಪುಡಿಯನ್ನು, ಉಗುರಿನಷ್ಟು ಉಗುರಿನಷ್ಟು ತಿಂದು ಎರಡು ತಿಂಗಳು ತಳ್ಳಿದೆ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಆ ಡಿಗ್ರಿಯಲ್ಲಿ ಅರ್ಧ ಪಾಲು ನನ್ನ ಅಕ್ಕ ಮಹಾದೇವಿಯದು. ಅವ್ವ ಕೂಲಿಗೆ ಹೋದರೆ ಕೂಸಾಗಿದ್ದ ನನ್ನನ್ನು ಟೊಂಕದ ಮೇಲೆ ಹೊತ್ತು ಅವಳು ಸಾಲಿಗೆ ಹೋಗುತ್ತಿದ್ದಳು. ನಾನು ಅತ್ತರೆ ಮಾಸ್ತರರು ಇಬ್ಬರನ್ನೂ ಬಾಗಿಲ ಹೊರಗೆ ಕೂಡಿಸುತ್ತಿದ್ದರಂತೆ. ಏಳನೇತ್ತಕ್ಕೆ ಅವಳ ಸಾಲಿ ನಿಂತಿತು. ಜೇವರ್ಗಿಗೆ ಕೊಟ್ಟು ಮದುವೆ ಮಾಡಿದರು. ಮಾವ, ಅಂದರೆ ಅಕ್ಕನ ಗಂಡ, ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಲಾರಿ ನಡೆಸುತ್ತಿದ್ದ. ಒಂದು ಹಂಗಾಮು ಮುಗಿದ ಮೇಲೆ ಮಹಾರಾಷ್ಟ್ರದ ಕಡೆ ಹೋದವನು ತಿರುಗಿ ಬರಲಿಲ್ಲ. ಅಲ್ಲಿ ಬೇರೆ ಸಂಸಾರ ಹೂಡಿದ್ದಾನೆ ಎಂದು ನೋಡಿ ಬಂದವರು ಹೇಳಿದರು. ಅಕ್ಕ ತವರಿಗೆ ಬಂದು ಒಂಬತ್ತು ವರ್ಷವಾಯಿತು. ಯಾರು ಕೇಳಿದರೂ ಅವಳದು ಒಂದೇ ಉತ್ತರ: “ದುಡಿಯಾಕ ಹೋಗ್ಯಾರ್ರಿ.” ಹಣೆಯ ಕುಂಕುಮ, ಕೊರಳ ತಾಳಿ, ಆ ಮಾತು, ಮೂರೂ ಒಂಬತ್ತು ವರ್ಷ ಜಾಗ ಬಿಟ್ಟು ಕದಲಲಿಲ್ಲ.

ಅಕ್ಕ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಗೆ ಒಳಗೆ ಹೊಲಿಗೆ ಹಾಕುತ್ತ ಬರುತ್ತಾಳೆ. ಮುಗಿಸುವ ಮುಂಚೆ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾಳೆ, ಕೌದಿ ಹಸಿದಿರಬಾರದು ಅಂತ. ಪುಣೆಯ ಅಂಗಡಿಯೊಂದರಲ್ಲಿ ಅಂಥದೇ ಕೌದಿಗೆ ಗಾಜಿನ ಕಪಾಟಿನ ಮರ್ಯಾದೆ ಸಿಕ್ಕಿದ್ದನ್ನು ನೋಡಿದೆ. ಹೊಲಿದವಳ ಹೆಸರು ಎಲ್ಲೂ ಇರಲಿಲ್ಲ. ಅಕ್ಕನ ಕೌದಿಗಳು ಅಕ್ಕನ ಹೆಸರಿನಲ್ಲೇ ಹೊರಗೆ ಬರಬೇಕು ಎಂಬ ಹಟ ಹುಟ್ಟಿದ್ದು ಅಲ್ಲೇ.

ಹಾಸ್ಟೆಲಿನಿಂದ ನಾಲ್ಕು ಬಸ್‌ಸ್ಟಾಪು ಆಚೆಯ ಕಾಲೇಜಿನಲ್ಲಿ ಶನಿವಾರ, ಭಾನುವಾರ ವೆಬ್‌ಸೈಟ್ ಮಾಡುವುದನ್ನು ಮೊದಲಿನಿಂದ ಕಲಿಸುವ ಕೋರ್ಸ್ ಇತ್ತು. ಸೇರಿಕೊಂಡೆ. ನನ್ನ ಪಕ್ಕದಲ್ಲಿ ಕೂರುವವರಿಗೆಲ್ಲ ಹದಿನೆಂಟು, ಹತ್ತೊಂಬತ್ತು. ನನಗೆ ಇಪ್ಪತ್ತೇಳು. ಮೊದಲ ದಿನ ಪಾಠ ಮಾಡುವ ಮೇಡಂ ಒಂದು ಚಂದದ ಪುಟ ತೆರೆದು, ಮೌಸಿನ ಬಲಗುಂಡಿ ಒತ್ತಿ ಅದರ ಬೆನ್ನು ತೋರಿಸಿದರು. ಮೇಲೆ ಹೂವು, ಚಿತ್ರ. ಹಿಂದೆ ಬರೀ ಅಕ್ಷರ, ಕೊಂಕು ಚಿಹ್ನೆಗಳ ಸಾಲು. ಕೌದಿ ಮಗುಚಿದರೆ ಕಾಣುವ ಗಂಟುಗಳ ಹಾಗೆ. ಅದನ್ನು ನೋಡಿದ ಮೇಲೆ ನನಗೆ ಹೆದರಿಕೆ ಹೋಯಿತು. ಪ್ರತಿಯೊಂದೂ ಚೌಕ, ಚೌಕದೊಳಗೆ ಚೌಕ, ತೆರೆದದ್ದನ್ನು ಮುಚ್ಚಬೇಕು. ಮರಾಠಿ ನನಗೆ ನೆಟ್ಟಗೆ ಬರದಿದ್ದರೂ ಇದು ಬಂತು. ನನ್ನ ಮೊದಲ ಪುಟದ ಮೇಲೆ ‘ಅತನೂರ ಕೌದಿ’ ಎಂಬ ಕನ್ನಡ ಅಕ್ಷರ ಮೂಡಿದಾಗ ಪಕ್ಕದ ಹುಡುಗಿ, “ಕಿತೀ ಗೋಲ್ ಗೋಲ್ ಆಹೇ!” ಎಂದಳು, ಎಷ್ಟು ದುಂಡಗಿದೆ ಅಂತ. ಆವತ್ತು ನಡೆದೇ ಹಾಸ್ಟೆಲಿಗೆ ಬಂದೆ. ಬಸ್ಸಿನಲ್ಲಿ ಕೂತಿರಲು ಆಗುವ ಸಂತೋಷವಾಗಿರಲಿಲ್ಲ ಅದು.

ಕೋರ್ಸಿನ ಕೊನೆಯ ಕೆಲಸವೆಂದರೆ ನಿಜವಾಗಿ ಬಳಸುವವರಿಗಾಗಿ ಒಂದು ವೆಬ್‌ಸೈಟ್ ಕಟ್ಟುವುದು. ನಾನು ಕೌದಿ ಹೊಲಿಯುವವರು ತಮ್ಮ ಹೆಸರು ಸೇರಿಸುವ ಅರ್ಜಿಯನ್ನೂ ಇಟ್ಟೆ. ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಪುಣೆಗೆ ಬರುವ ಮುಂಚೆ ನಾನು ಮೂರು ವರ್ಷ ಅಫಜಲಪುರದ ಆನ್‌ಲೈನ್ ಸೆಂಟರಿನಲ್ಲಿ ಅರ್ಜಿ ತುಂಬಿದವಳು. ಪಿಂಚಣಿ, ರೇಷನ್ ಕಾರ್ಡ್, ಸ್ಕಾಲರ್‌ಶಿಪ್. ನಮ್ಮ ಕಡೆಯ ಯಾವ ಕಾಗದದಲ್ಲೂ ಹೆಣ್ಣಿನ ಹೆಸರು ಒಂಟಿಯಾಗಿ ನಿಲ್ಲುವುದಿಲ್ಲ. ಸಾವಿತ್ರಿ ತಂದೆ ಇಂಥವರು, ಮಹಾದೇವಿ ಗಂಡ ಇಂಥವರು. ಹಾಗಾಗಿ ನನ್ನ ಅರ್ಜಿಯಲ್ಲಿ ‘ಮದುವೆಯಾಗಿದೆ’ ಎಂದು ಗುರುತು ಹಾಕಿದ ಕೂಡಲೇ ‘ಗಂಡನ ಹೆಸರು’ ಎಂಬ ಕಾಲಂ ತಾನಾಗಿ ತೆರೆದುಕೊಳ್ಳುವಂತೆ ಮಾಡಿದೆ. ಪಕ್ಕದಲ್ಲಿ ಕೆಂಪು ಚುಕ್ಕೆ: ಕಡ್ಡಾಯ. ಹಾಗೆ ತೆರೆಯಿಸುವುದು ಕಷ್ಟದ ವಿದ್ಯೆ. ಒಂದು ವಾರ ಕೂತು ಕಲಿತಿದ್ದೆ.

“ಬೇಕಾದಷ್ಟನ್ನು ಮಾತ್ರ ಕೇಳಬೇಕು, ಅತನೂರಕರ,” ಎಂದು ಮೇಡಂ ಪಾಠದಲ್ಲಿ ಹೇಳಿದ್ದರು. ಇವರಿಗೆ ಅರ್ಜಿ ಎಂದರೇನು ಗೊತ್ತು, ನಾನು ಸಾವಿರ ತುಂಬಿದವಳು, ಎಂದುಕೊಂಡೆ. ಅವರು ಇನ್ನೊಂದು ಮಾತೂ ಹೇಳಿದ್ದರು. ಬಳಸುವವರ ಕೈಗೆ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂರಬೇಕು. ಸಹಾಯ ಮಾಡಬಾರದು. ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಬರೆದುಕೊಳ್ಳಬೇಕು. ಈ ಮಾತನ್ನು ಮಾತ್ರ ನಾನು ಚಾಚೂ ತಪ್ಪದೆ ಪಾಲಿಸಿದೆ.

ನಾಗರ ಪಂಚಮಿಗೆ ಊರಿಗೆ ಹೋದೆ. ಸೋಲಾಪುರದ ತನಕ ರೈಲು, ಅಲ್ಲಿಂದ ಬಸ್ಸು. ಅಕ್ಕ ಬಸ್‌ಸ್ಟ್ಯಾಂಡಿಗೇ ಬಂದಿದ್ದಳು. “ಏನಬೇ, ಇಷ್ಟು ಸೊರಗೀದಿ! ಅಲ್ಲಿ ಉಣ್ಣಾಕ ಹಾಕ್ತಾರೋ, ಬರೇ ತೋರಿಸ್ತಾರೋ?” ಎಂದು ಚೀಲ ಕಿತ್ತುಕೊಂಡಳು.

ಮರುದಿನ ರೊಟ್ಟಿ ಪಂಚಮಿ. ಓಣಿಯ ಹೆಂಗಸರು ಒಬ್ಬರ ಮನೆಯಿಂದ ಒಬ್ಬರಿಗೆ ಎಳ್ಳು ಹಚ್ಚಿದ ರೊಟ್ಟಿ, ನಾಲ್ಕು ನಮೂನೆ ಪಲ್ಯ ಕೊಟ್ಟು ಬರುವ ದಿನ. ನಮ್ಮ ಪಡಸಾಲೆಯಲ್ಲಿ ಆರೇಳು ಮಂದಿ ಕೂಡಿದ್ದರು. ಎದುರು ಮನೆಯ ಶಾಂತಾಬಾಯಿಯ ಬಾಯಿ ಎಲ್ಲರಿಗಿಂತ ಮುಂದೆ. “ಪುಣೆದಾಕಿ ಏನೋ ಮಾಡ್ಕೊಂಡು ಬಂದಾಳಂತ, ತೋರಸಬೇ,” ಎಂದಳು. ನನಗೂ ತೋರಿಸಬೇಕಿತ್ತು. ಓದಿದವಳ ಜಂಬ ನನ್ನ ಮೈಯಲ್ಲಿ ಆವತ್ತು ತುಂಬಿ ನಿಂತಿತ್ತು. ಫೋನಿನಲ್ಲಿ ಅರ್ಜಿ ತೆರೆದು ಅಕ್ಕನ ಕೈಗೆ ಕೊಟ್ಟೆ.

“ನೀನ ತುಂಬು. ನಾ ಏನೂ ಹೇಳಂಗಿಲ್ಲ,” ಎಂದು ನೋಟ್‌ಬುಕ್ ತೆರೆದು ಕೂತೆ.

ಅಕ್ಕ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಮಹಾದೇವಿ. ಅತನೂರ. ಮದುವೆಯಾಗಿದೆ. ಕಾಲಂ ತೆರೆದುಕೊಂಡಿತು. ಅವಳ ಬೆರಳು ನಿಂತಿತು. ಖಾಲಿ ಬಿಟ್ಟು ಕೆಳಗಿನ ಗುಂಡಿ ಒತ್ತಿದಳು. ‘ಇದನ್ನು ತುಂಬಲೇಬೇಕು’ ಎಂದು ಕೆಂಪಕ್ಷರ ಬಂತು. ಮತ್ತೆ ಒತ್ತಿದಳು. ಮತ್ತೆ ಬಂತು.

ಹೆಗಲ ಮೇಲಿಂದ ಇಣುಕುತ್ತಿದ್ದ ಶಾಂತಾಬಾಯಿ ನಕ್ಕಳು. “ಗಂಡನ ಹೆಸರ ಕೇಳಾಕತ್ತದ ನೋಡ್ರಿ! ಒಡಪು ಕಟ್ಟಿ ಹೇಳಬೇ ಮಾದೇವಿ, ನಾಚ್ಕಿ ಯಾಕ?”

ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಎತ್ತುವುದಿಲ್ಲ. ಮದುವೆ, ಸೀಮಂತದಲ್ಲಿ ಹಟ ಹಿಡಿದು ಕೇಳಿದರೆ ಪದ್ಯದಲ್ಲಿ ಸುತ್ತಿ ಹೇಳುತ್ತಾರೆ. ಅದು ಒಡಪು. ಹೆಂಗಸರೆಲ್ಲ “ಹೇಳಬೇ, ಹೇಳಬೇ” ಎಂದು ಚಪ್ಪಾಳೆ ತಟ್ಟಿದರು. ಅವರು ಕೆಟ್ಟವರಲ್ಲ. ಹಬ್ಬದ ಹುಮ್ಮಸ್ಸು. ಅಕ್ಕ ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ಆಗ ಏನು ಮಾಡುತ್ತಿದ್ದೆ ಗೊತ್ತೇ? ‘ನಾಲ್ಕನೆಯ ಕಾಲಮಿನಲ್ಲಿ ನಿಂತಳು, ಎರಡು ಸಲ ಒತ್ತಿದಳು’ ಎಂದು ಬರೆದುಕೊಳ್ಳುತ್ತಿದ್ದೆ.

ಅಕ್ಕ ಫೋನಿಗೆ ಬಗ್ಗಿ ಏನೋ ಒತ್ತಿದಳು. ಹಸಿರು ಅಕ್ಷರ ಮೂಡಿತು: ‘ಧನ್ಯವಾದ! ನಿಮ್ಮ ಹೆಸರು ಸೇರಿತು.’

ಶಾಂತಾಬಾಯಿ ಮಾತ್ರ ಒತ್ತಿದ್ದನ್ನು ಓದಿಕೊಂಡಿದ್ದಳು. ಅವಳ ನಗು ನಿಂತಿತ್ತು. “ಇಲ್ಲ ಅಂತ ಬರ್ದಿ ಏನಬೇ? ಎವ್ವಾ! ಕೊರಳಾಗ ತಾಳಿ ಇಟ್ಕೊಂಡು, ಹಬ್ಬದ ದಿನ ಹಂಗ ಬರೀತಾರೇನ?”

ಅವ್ವ ಒಳಗಿನಿಂದ ಬಂದು ಏನಾಯಿತೆಂದು ಕೇಳಿದಳು. ಅಕ್ಕ ಫೋನನ್ನು ನನ್ನ ನೋಟ್‌ಬುಕ್ಕಿನ ಮೇಲೆ ಇಟ್ಟು, ಎದ್ದು, ರೊಟ್ಟಿ ಬುಟ್ಟಿ ಎತ್ತಿಕೊಂಡು ಎಲ್ಲರ ತಾಟಿಗೂ ಇನ್ನೊಂದು ಸುತ್ತು ಬಡಿಸಿದಳು. ನನ್ನ ತಾಟಿಗೂ.

ಮಾರನೆಯ ದಿನ ನಾಗಪ್ಪನಿಗೆ ಹಾಲೆರೆದ ಮೇಲೆ ಶಾಂತಾಬಾಯಿ ಸಾಲಾಗಿ ನಿಂತ ಮುತ್ತೈದೆಯರಿಗೆ ಕುಂಕುಮ ಹಚ್ಚುತ್ತ ಬಂದಳು. ಅಕ್ಕನ ಮುಂದೆ ಬಂದಾಗ ಅವಳ ಕೈ ಬಟ್ಟಲಿನಲ್ಲೇ ಒಂದು ಗಳಿಗೆ ತಡೆಯಿತು. ಆಮೇಲೆ ಹಚ್ಚಿದಳು. ಆದರೆ ಆ ಗಳಿಗೆಯನ್ನು ಅಕ್ಕ ನೋಡಿದಳು, ನಾನು ನೋಡಿದೆ, ಇಡೀ ಸಾಲು ನೋಡಿತು. ಒಂಬತ್ತು ವರ್ಷ ಒಬ್ಬಳೇ ಎತ್ತಿ ಹಿಡಿದಿದ್ದನ್ನು ನಾನು ಒಂದು ಕೆಂಪು ಚುಕ್ಕೆ ಇಟ್ಟು ಕೆಡವಿದ್ದೆ.

ಹೊರಡುವ ದಿನ ಅಕ್ಕ ರೊಟ್ಟಿ, ಉಂಡಿ ಎಲ್ಲ ಕಟ್ಟಿಟ್ಟಿದ್ದಳು. ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಅವ್ವನೇ ಎತ್ತುತ್ತಿದ್ದಳು. “ಹೊಲ್ಯಾಕ ಕುಂತಾಳಬೇ, ಕೈ ಬಿಡುವಿಲ್ಲ.” ಹಿಂದಿನಿಂದ ಅಕ್ಕ ಕೆಮ್ಮುವುದು ಕೇಳಿಸುತ್ತಿತ್ತು.

ಪುಣೆಯಲ್ಲಿ ಆ ಕಾಲಮನ್ನು ತೆಗೆದು ಹಾಕಿದೆ. ಕಟ್ಟಲು ವಾರ ಹಿಡಿದದ್ದು ತೆಗೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಅಕ್ಕ ತುಂಬಿದ್ದ ಅರ್ಜಿಯನ್ನೂ ಅಳಿಸಿದೆ. ಅದನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ. ಕೊನೆಯ ತರಗತಿಯಲ್ಲಿ ಪ್ರತಿಯೊಬ್ಬರೂ ತಾವು ಕಂಡದ್ದನ್ನು ಹೇಳಬೇಕಿತ್ತು. ನಾನು ಅಕ್ಕ ಎನ್ನಲಿಲ್ಲ, ‘ಬಳಕೆದಾರರೊಬ್ಬರು’ ಎಂದೆ. ನಾಲ್ಕನೆಯ ಕಾಲಂ, ಎರಡು ಸಲ ಒತ್ತಿದ್ದು, ಎಲ್ಲ ಹೇಳಿದೆ. ಮೇಡಂ ಎದ್ದು ನಿಂತರು. “ಇಡೀ ಕ್ಲಾಸಿನಲ್ಲಿ ನಿಜವಾಗಿ ಕಲಿತವಳು ಇವಳೊಬ್ಬಳೇ,” ಎಂದರು. ಹುಡುಗರು ಚಪ್ಪಾಳೆ ತಟ್ಟಿದರು. ಇದು ನಾನು ಕೇಳಿದ ಎರಡನೆಯ ಚಪ್ಪಾಳೆ. ಮೊದಲನೆಯದು ನಮ್ಮ ಪಡಸಾಲೆಯಲ್ಲಿ ಕೇಳಿದ್ದೆ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಇಲ್ಲಿ ಯಾರೂ ಯಾರ ಗಂಡನ ಹೆಸರನ್ನೂ ಕೇಳುವುದಿಲ್ಲ. ಕೇಳದಿರುವುದೂ ಒಂದು ಕರುಣೆ ಇರಬಹುದೆಂದು ನನಗೆ ತಿಳಿಯಲು ಇಷ್ಟು ದೂರ ಬರಬೇಕಾಯಿತು. ನಮ್ಮೂರಿನಲ್ಲಿ ಎಲ್ಲ ಗೊತ್ತಿದ್ದೂ ಒಂಬತ್ತು ವರ್ಷ ಯಾರೂ ಎರಡನೆಯ ಪ್ರಶ್ನೆ ಕೇಳಿರಲಿಲ್ಲ. ಅದೂ ಕರುಣೆಯೇ ಆಗಿತ್ತು. ಅಲ್ಲೇ ಹುಟ್ಟಿ ಬೆಳೆದ ನನಗೆ ಅದು ಕಂಡಿರಲಿಲ್ಲ.

ದೀಪಾವಳಿ ಕಳೆದು ಒಂದು ಮಧ್ಯಾಹ್ನ ಅಕ್ಕನೇ ಫೋನ್ ಮಾಡಿದಳು. ನಾನು ಹಲೋ ಎನ್ನುವ ಮೊದಲೇ ಕೇಳಿದಳು.

“ಸಾವಿ, ನಾ ಬರ್ದಿದ್ದು ಎಲ್ಲಿ ಅದ?”

“ಅಳಿಸೇನಿ ಅಕ್ಕ. ಇಲ್ಲಿ ಬಂದ ಕೂಡ್ಲೇ ಅಳಿಸೇನಿ. ಆ ಕಾಲಂನ ಕಿತ್ತಿ ಹಾಕೇನಿ. ಯಾರಿಗೂ ಕಾಣಂಗಿಲ್ಲ.”

ಆ ಕಡೆ ಅಕ್ಕ ಕೆಮ್ಮಿದಳು.

“ಅಕ್ಕ, ತಪ್ಪಾಯ್ತು.”

“ಅಳಿಸಬಾರದಿತ್ತಬೇ,” ಎಂದಳು. “ಒಂಬತ್ತು ವರ್ಷದಾಗ ಅದೊಂದ ನಾ ಖರೆ ಹೇಳಿದ್ದು. ಮಂದಿ ಮುಂದ ಹೇಳಿಸಿದಿ, ಆಮ್ಯಾಲ ನನ್ನ ಕೇಳದ ಅಳಿಸಿದಿ. ಎರಡೂ ನಿನ್ನ ಮನಸ್ಸಿಗೆ ಬಂದಂಗ.”

ಏನಾದರೂ ಹೇಳಬೇಕಲ್ಲ ಎಂದು, “ಈಗ ಬರೇ ಮಹಾದೇವಿ ಅಂತ ಹಾಕ್ತೇನಿ ಅಕ್ಕ. ತಂದೆ ಇಲ್ಲ, ಗಂಡ ಇಲ್ಲ. ನಿನ್ನ ಹೆಸರ ಸಾಕು,” ಎಂದೆ.

“ಬರೇ ಮಹಾದೇವಿ ಅಂದ್ರ ಯಾವ ಮಹಾದೇವಿ ಅಂತ ಯಾರಿಗೆ ಗೊತ್ತಾಗ್ತದ?”

“ಆಗ್ತದ ಅಕ್ಕ.”

“ನಿಮ್ಮೂರಾಗ ಆಗ್ತದೇನೋ ತಂಗಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಮ್ಮೂರಾಗ ಆಗೂದಿಲ್ಲ.”

ಅವಳು ಫೋನ್ ಇಟ್ಟ ಮೇಲೂ ನಾನು ಅದನ್ನು ಕಿವಿಗೆ ಹಿಡಿದೇ ಕೂತಿದ್ದೆ. ಟೊಂಕದ ಮೇಲೆ ಹೊತ್ತು ತಿರುಗಿದ ನನ್ನಕ್ಕ, ಅತನೂರನ್ನು ತನ್ನೂರು ಎಂದಳು. ಪುಣೆಯನ್ನು ನನ್ನದೆಂದಳು.