ಫಿಲ್ಟರಿಗೆ ಬಂದ ಕಬ್ಬು

ಗೆಳೆಯನ ಹಳೆಯ ರೇಸ್ ಕಾರನ್ನು ಸಂಜೆಯೊಳಗೆ ಕೇರಳಕ್ಕೆ ಮುಟ್ಟಿಸಬೇಕಿತ್ತು. ಬೇಗೂರು ದಾಟುತ್ತಲೇ ಅದು ಮುಗ್ಗರಿಸತೊಡಗಿತು. ಗುಂಡ್ಲುಪೇಟೆಯ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬರು ಪೆಟ್ರೋಲ್ ಫಿಲ್ಟರ್ ಬಿಚ್ಚಿ ಅಂಗೈಗೆ ಬಗ್ಗಿಸಿದರು. ಕೆಂಪು ತುಕ್ಕಿನ ಬಗ್ಗಡ ಸುರಿಯಿತು. ಕಲಬೆರಕೆ ಪೆಟ್ರೋಲು ಎಂದು ನಾನು ದಾರಿಯಲ್ಲಿ ಟ್ಯಾಂಕ್ ತುಂಬಿಸಿದ ಬಂಕಿನವನನ್ನು ಬೈಯತೊಡಗಿದೆ.

"ಅವುನ್ನ ಯಾಕ್ ಬೈತೀರಾ ಸಾ? ಈಗ ಪೆಟ್ರೋಲ್‌ಗೆ ಕಬ್ಬಿನ ಎಥನಾಲ್ ಸೇರುಸ್ತರೆ. ಹುಣ್ಸೆಹಣ್ಣಲ್ಲಿ ತಂಬ್ಗೆ ಬೆಳಗ್ದಂಗೆ ಅದು ಹಳೇ ಟ್ಯಾಂಕ್ನ ಬೆಳಗ್ಬುಡ್ತದೆ. ಕೊಳೆಯೆಲ್ಲ ಬಂದು ಫಿಲ್ಟರಲ್ಲಿ ಕೂತ್ಕತದೆ."

"ಕಬ್ಬಿನ ವಿಷಯ ನಿಮಗೆ ಹೇಗೆ ಗೊತ್ತು?"

"ನಮ್ದೂ ಎರಡೆಕರೆ ಅದೆ. ಎಥನಾಲ್ ಮಾಡೋ ಫ್ಯಾಕ್ಟ್ರಿಗೇ ಓಯ್ತದೆ," ಎಂದವರೇ ಹಳೇ ಜೀಪಿನ ಫಿಲ್ಟರೊಂದನ್ನು ಹುಡುಕಿ ಕೂರಿಸಿದರು. "ತಿಂಗ್ಳು ಬುಟ್ಟು ಇನ್ನೊಂದು ಬೇಕಾಯ್ತದೆ, ಬನ್ನಿ."

ಕಾರು ಸಲೀಸಾಗಿ ಓಡಿತು. ದಾರಿಯುದ್ದಕ್ಕೂ ಯೋಚಿಸಿದೆ: ಕಬ್ಬು ಹಾಕುವವರೂ ಅವರೇ, ಫಿಲ್ಟರ್ ಹಾಕುವವರೂ ಅವರೇ.