ಪರಿಮಳಕ್ಕೆ ಪ್ರವೇಶವಿಲ್ಲ

ಕಿರುಬೆರಳಿಗಿಂತ ತುಸು ಚಿಕ್ಕದಾದ ಅತ್ತರಿನ ಸೀಸೆಯೊಂದು ನಮ್ಮ ಮನೆಯ ಕನ್ನಡಿಯ ಕೆಳಗಿನ ಹಲಗೆಯಲ್ಲಿ, ಬಾಚಣಿಗೆಯ ಬಲಕ್ಕೆ, ನಲವತ್ತು ವರ್ಷಗಳಿಂದ ನಿಂತಿದೆ. ಸೀಸೆ ಎಷ್ಟೋ ಸಲ ಬದಲಾಗಿದೆ, ಜಾಗ ಬದಲಾಗಿಲ್ಲ. ಮುಂಜಾನೆಯ ನಮಾಜು, ಅರ್ಧ ಗಂಟೆಯ ನಡಿಗೆ, ಕ್ಷೌರ, ಸ್ನಾನ, ಇಸ್ತ್ರಿಯ ಅಂಗಿ, ಕಡೆಗೆ ಎರಡೂ ಮಣಿಕಟ್ಟಿಗೆ ಮತ್ತು ಕಿವಿಯ ಹಿಂದಕ್ಕೆ ಒಂದೊಂದು ತೊಟ್ಟು ಅತ್ತರು. ಬಂಟ್ವಾಳದ ಕಡೆಯ ಹೈಸ್ಕೂಲೊಂದರಲ್ಲಿ ಮೂವತ್ತನಾಲ್ಕು ವರ್ಷ ಡ್ರಿಲ್ ಮಾಸ್ತರನಾಗಿ ಸೀಟಿ ಊದಿದವನು ನಾನು. ನಿವೃತ್ತಿ ನನಗಾಯಿತೇ ಹೊರತು ನನ್ನ ಕೈಗಳಿಗೆ ಆಗಲಿಲ್ಲ. ನಾನು ಬೇರೇನನ್ನೋ ಯೋಚಿಸುತ್ತಿರುವಾಗಲೂ ಅವು ತಮ್ಮ ಪಾಲಿನ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸಿಬಿಡುತ್ತವೆ. ಈ ಮಾತನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದ ಕಾಲವೊಂದಿತ್ತು, ಮಿತ್ರರೇ.

ಮಡಂತ್ಯಾರಿನಲ್ಲಿ ನಮ್ಮ ಪಕ್ಕದ ಮನೆ ತಂಗಿ ನಫೀಸಾಳದ್ದು. ಅವಳ ಮಗಳು ಜುಲೇಖ ಮದುವೆಯಾಗಿ ಒಂಬತ್ತು ವರ್ಷ. ಗಂಡ ರಫೀಕ್ ಕಡಲಾಚೆ ದಮ್ಮಾಮಿನಲ್ಲಿ ಕೆಲಸಕ್ಕಿದ್ದಾನೆ. ಮಕ್ಕಳಾಗಲಿಲ್ಲ. ಕಳೆದ ವರ್ಷ ಅವನು ತನ್ನ ರಜೆಯನ್ನೆಲ್ಲ ಮೂಡುಬಿದಿರೆಯ ಒಂದು ಚಿಕಿತ್ಸಾ ಕೇಂದ್ರದ ಬೆಂಚಿನ ಮೇಲೆಯೇ ಕಳೆದ. ಗಂಡ ಹೆಂಡಿರಿಂದ ಪಡೆದುದನ್ನು ಕೂಡಿಸಿ, ಪ್ರಯೋಗಶಾಲೆಯಲ್ಲಿ ಐದು ದಿನ ಬೆಳೆಸಿ, ಮೂರು ಭ್ರೂಣಗಳನ್ನು ಅಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದರು. ಮೊದಲನೆಯದು ಗರ್ಭದಲ್ಲಿ ನಿಲ್ಲಲಿಲ್ಲ. ಎರಡನೆಯದೂ ನಿಲ್ಲಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಆರಂಭಿಸುವ ಶಕ್ತಿ ತನ್ನ ಮೈಗೂ ಇಲ್ಲ, ಮನಸ್ಸಿಗೂ ಇಲ್ಲ ಎಂದು ಜುಲೇಖ ಹೇಳಿಬಿಟ್ಟಿದ್ದಳು. ಉಳಿದಿದ್ದದ್ದು ಒಂದೇ ಒಂದು.

ಆ ಕೇಂದ್ರವನ್ನು ಸೂಚಿಸಿದವನು ನಾನೇ. ಅಲ್ಲಿನ ವೈದ್ಯೆ ನನ್ನ ಹಳೆಯ ವಿದ್ಯಾರ್ಥಿನಿ. ನಿಜ ಹೇಳುವುದಾದರೆ ನನಗೆ ಅವಳ ಬುದ್ಧಿವಂತಿಕೆಯ ನೆನಪಿರಲಿಲ್ಲ, ತಡವಾಗಿ ಬರುತ್ತಿದ್ದದ್ದು ಮಾತ್ರ ನೆನಪಿತ್ತು. ವಾರಕ್ಕೆ ಎರಡು ಸಲವಾದರೂ ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಏದುಸಿರು ಬಿಡುತ್ತ ಗೇಟಿನಲ್ಲಿ ಕಾಣಿಸಿಕೊಳ್ಳುತ್ತಿದ್ದಳು, ವಾರಕ್ಕೆ ಎರಡು ಸಲವಾದರೂ ನಾನು ಅವಳಿಂದ ಮೈದಾನಕ್ಕೆ ಸುತ್ತು ಹಾಕಿಸುತ್ತಿದ್ದೆ. ಅಂದಿನ ಆ ಏಕವಚನ ಈಗ ತಾನಾಗಿ ಬಹುವಚನವಾಗಿದೆ. ವ್ಯಾಕರಣ ಹೇಳಿಕೊಡುವ ಮೇಷ್ಟ್ರುಗಳಿಗಿಂತ ಕಾಲವೇ ಈ ಪಾಠವನ್ನು ಚೆನ್ನಾಗಿ ಮಾಡುತ್ತದೆ.

ಕೇಂದ್ರದವರು ಒಂದು ಹಾಳೆ ಕೊಟ್ಟಿದ್ದರು. ಭ್ರೂಣವನ್ನು ಗರ್ಭಕ್ಕೆ ಸೇರಿಸುವ ದಿನ ಮಲ್ಲಿಗೆ, ಅತ್ತರು, ಸೆಂಟು, ಪೌಡರು, ಪರಿಮಳದ ಸೋಪು ಯಾವುದೂ ಬೇಡ, ಜೊತೆಗೆ ಬರುವವರಿಗೂ ಬೇಡ ಎಂದು ಅದರಲ್ಲಿತ್ತು. ನಾನು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ತಂಗಿಯ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ವಾರದ ಮುಂಚೆಯೇ ಸೋಪು ಬದಲಾಯಿತು. ಅಂದು ಬೆಳಿಗ್ಗೆ ನಾನು ಹೋಗುವಾಗ ನಫೀಸಾ ಬಾಳೆಲೆಯ ತುಂಡಿನಲ್ಲಿ ಸುತ್ತಿದ ಮಲ್ಲಿಗೆಯನ್ನು ಹಿಡಿದು ಮಗಳ ಹಿಂದೆ ನಿಂತಿದ್ದಳು.

"ಒಂದು ಎಸಳು ಸಾಕು ಅಣ್ಣ. ಒಳ್ಳೆ ಕೆಲಸಕ್ಕೆ ಹೊರಟದ್ದು, ಬೋಳು ತಲೆಯಲ್ಲಿ ಹೋಗುವುದಾ?"

"ನಿನಗೆ ಓದಲಿಕ್ಕೆ ಬರ್ತದಲ್ಲ? ಗೋಡೆ ನೋಡು."

"ಗೋಡೆ ನೋಡಿ ನೋಡಿ ಕಣ್ಣು ಕೆಂಪಾಯ್ತು. ನಿಮ್ಮ ಶಾಲೆಯಲ್ಲಿ ಮಕ್ಕಳು ಹೇಗೆ ಬದುಕಿದರೋ!"

ಮಲ್ಲಿಗೆಯನ್ನು ಕಿತ್ತುಕೊಂಡು ಫ್ರಿಜ್ಜಿನಲ್ಲಿಟ್ಟು, ನಫೀಸಾಳನ್ನು ಮನೆಯಲ್ಲೇ ಬಿಟ್ಟು, ಜುಲೇಖಳನ್ನು ಕೂರಿಸಿಕೊಂಡು ನಾನೇ ಕಾರು ಹೊರಡಿಸಿದೆ. ದಾರಿಯ ಕೆಂಪು ಧೂಳು ಸೋಕಬಾರದೆಂದು ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದೆ. ವೇಣೂರು ದಾಟುವಾಗ ಜುಲೇಖ, "ಮಾಮ, ಈ ಸಲ ಎಂತದೂ ತಪ್ಪಾಗಬಾರದು" ಎಂದಳು. "ನಾನಿದ್ದೇನಲ್ಲ" ಎಂದೆ.

ಮೂಡುಬಿದಿರೆ ತಲುಪಿದಾಗ ನಮಗೆ ಹೇಳಿದ ಹೊತ್ತಿಗೆ ಇನ್ನೂ ಅರ್ಧ ಗಂಟೆಯಿತ್ತು. ಒಳಬಾಗಿಲಿನ ಬಳಿ ನರ್ಸ್ ಕೈ ಅಡ್ಡ ಹಿಡಿದಳು.

"ನಿಲ್ಲಿ ನಿಲ್ಲಿ. ಯಾರದ್ದು ಇದು ಅತ್ತರು?"

"ನಮ್ಮದಲ್ಲ ಸಿಸ್ಟರ್. ಎಲ್ಲ ನಾನೇ ಚೆಕ್ ಮಾಡಿದ್ದೇನೆ" ಎಂದು ಮಾತಿಗೆ ಒತ್ತು ಕೊಡಲು ಬಲಗೈ ಎತ್ತಿದೆ. ಎತ್ತಿದ ಕೈಯಿಂದಲೇ ಪರಿಮಳ ಹೊರಟಿತು. ನನ್ನ ಮೂಗಿಗೆ ಅದು ತಲುಪಿದ್ದು ಆಗಲೇ.

ಜುಲೇಖಳಿಗೂ ದಾರಿಯುದ್ದಕ್ಕೂ ಗೊತ್ತಾಗಿರಲಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ಮಾಮನೆಂದರೆ ಆ ವಾಸನೆಯೇ. ಮುಚ್ಚಿದ ಕಾರಿನಲ್ಲಿ ಮುಕ್ಕಾಲು ಗಂಟೆ ಕುಳಿತದ್ದರಿಂದ ಅವಳ ಬುರ್ಖಾಕ್ಕೂ ಶಾಲಿಗೂ ಅದು ಹತ್ತಿಕೊಂಡಿತ್ತು. ಅವಳು ಶಾಲಿನ ಅಂಚನ್ನು ಮೂಗಿಗೆ ಹಿಡಿದು ನನ್ನ ಮುಖ ನೋಡಿದಳು. ಅಷ್ಟು ವರ್ಷ ನಾನು ಮಕ್ಕಳನ್ನು ಹಾಗೆ ನೋಡಿ ನಿಲ್ಲಿಸುತ್ತಿದ್ದೆ. ಹಾಗೆ ನೋಡಿಸಿಕೊಂಡದ್ದು ಅದೇ ಮೊದಲು.

ನೀಲಿ ಬಟ್ಟೆ, ನೀಲಿ ಟೊಪ್ಪಿಯಲ್ಲಿ ಡಾಕ್ಟರು ಹೊರಗೆ ಬಂದರು. "ಸರ್, ನೀವಾ!" ಎಂದು ನಗಲು ಹೊರಟವರು ಅರ್ಧಕ್ಕೇ ನಿಲ್ಲಿಸಿದರು. "ಬೆಳಿಗ್ಗೆ ಎಂಟಕ್ಕೆ ಭ್ರೂಣವನ್ನು ಶೀತದಿಂದ ಹೊರಗೆ ತೆಗೆದಾಗಿದೆ. ಇನ್ನು ನಾಳೆಗೆ ಅಂತ ಇಡುವ ಹಾಗಿಲ್ಲ."

"ಡಾಕ್ಟ್ರೇ, ಇರುವುದು ಅದೊಂದೇ" ಎಂದಳು ಜುಲೇಖ.

"ನಂಗೆ ಗೊತ್ತುಂಟು ಜುಲೇಖ. ಹೆದರ್ಬೇಡಿ. ನೀವು ಸ್ನಾನ ಮಾಡಿ, ತಲೆಗೂ ನೀರು ಹಾಕಿ. ಬಟ್ಟೆ ಪೂರ್ತಿ ನಮ್ಮದೇ ಹಾಕ್ಕೊಳ್ಳಿ. ಆಮೇಲೆ ಬೇರೆ ಕೋಣೆಯಲ್ಲಿ ಒಂದು ಗಂಟೆ ಕೂತ್ಕೊಳ್ಳಿ. ಹನ್ನೊಂದೂವರೆಗೆ ಮಾಡುವ."

"ಇದರಿಂದ ಅದು ಹಾಳಾಗ್ತದಾ?" ಎಂದು ನಾನು ಕೇಳಿದೆ.

"ಆಗ್ತದೆ ಅಂತಲೂ ಹೇಳಲಿಕ್ಕಾಗುವುದಿಲ್ಲ, ಆಗುವುದಿಲ್ಲ ಅಂತಲೂ ಹೇಳಲಿಕ್ಕಾಗುವುದಿಲ್ಲ ಸರ್. ಅದಕ್ಕೆ ಮೂಗಿಲ್ಲ, ಆದ್ರೆ ಗಾಳಿಯಲ್ಲಿದ್ದದ್ದೆಲ್ಲ ಅದಕ್ಕೆ ತಾಗ್ತದೆ. ಒಂದೇ ಇರುವಾಗ ನಾವು ಯಾಕೆ ಪರೀಕ್ಷೆ ಮಾಡುವುದು? ನೀವು ಗೇಟಿನ ಹೊರಗೆ ಹೋಗಿ. ಇಲ್ಲಿ ಗ್ರೌಂಡ್ ಇಲ್ಲ, ಇದ್ದಿದ್ರೆ ಹತ್ತು ಸುತ್ತು ಓಡಿ ಅಂತಿದ್ದೆ."

ಹೊರಗೆ ರಸ್ತೆಯ ಬದಿಯ ನಳ್ಳಿಯಲ್ಲಿ ಕೈ, ಕತ್ತು ತಿಕ್ಕಿ ತಿಕ್ಕಿ ತೊಳೆದು ಹಲಸಿನ ಮರದ ಕೆಳಗೆ ನಿಂತೆ. ಒಳ್ಳೆಯ ಅತ್ತರಿನ ದೊಡ್ಡ ಗುಣವೆಂದರೆ ಅದು ಸುಲಭಕ್ಕೆ ಹೋಗುವುದಿಲ್ಲ ಎಂದು ನಾನೇ ಎಷ್ಟು ಜನರಿಗೆ ಹೇಳಿಲ್ಲ! ನನ್ನ ಇಡೀ ಬದುಕಿನ ಶಿಸ್ತು ಆ ಕೆಲವೇ ತೊಟ್ಟುಗಳಲ್ಲಿ ನನ್ನ ವಿರುದ್ಧವೇ ಸಾಕ್ಷಿ ನುಡಿಯುತ್ತಿತ್ತು. ಮರೆತು ತಪ್ಪು ಮಾಡುವವರನ್ನು ನಾನು ನೋಡಿದ್ದೇನೆ. ನಾನು ತಪ್ಪು ಮಾಡಿದ್ದು ಮರೆಯದೆ, ಪ್ರತಿದಿನ ಮಾಡುವುದನ್ನು ಆ ದಿನವೂ ಮಾಡಿ.

ಹನ್ನೊಂದರ ಹೊತ್ತಿಗೆ ಡಾಕ್ಟರು ಗೇಟಿನವರೆಗೆ ಬಂದು ಎರಡು ಮಾರು ದೂರದಲ್ಲಿ ನಿಂತರು. "ಮುಖ ಬಾಡಿಸ್ಬೇಡಿ ಸರ್. ನಮ್ಮ ಕಡೆಯವರಿಗೆ ಇದು ಕಷ್ಟವೇ. ಒಳ್ಳೆ ದಿನ ಅಂದ್ರೆ ಹೂವು, ಅತ್ತರು ಬೇಕೇ ಬೇಕು. ನಾನು ಸಹ ಮಲ್ಲಿಗೆಯ ಮನೆಯಿಂದ್ಲೇ ಬಂದವಳು."

"ಹಾಗೆಂದರೆ?"

"ನಮ್ಮದು ಮಲ್ಲಿಗೆ ಕೃಷಿ ಅಲ್ವಾ ಸರ್. ಬೆಳಿಗ್ಗೆ ಮೊಗ್ಗು ಕೊಯ್ದು, ಅಮ್ಮನೊಟ್ಟಿಗೆ ಕಟ್ಟಿ, ಕಟ್ಟನ್ನು ಮಂಗಳೂರಿನ ಬಸ್ಸಿಗೆ ಹಾಕಿ ಶಾಲೆಗೆ ಬರ್ಬೇಕಿತ್ತು. ಬಸ್ಸು ತಡವಾದ ದಿನ ನಂಗೆ ನಿಮ್ಮ ಸುತ್ತು."

"ಹೇಳಬಹುದಿತ್ತಲ್ಲ ಮಾರಾಯ್ತಿ?"

"ನೀವು ಕೇಳಿರ್ಲಿಲ್ಲ ಸರ್."

ಅವರ ದನಿಯಲ್ಲಿ ದೂರು ಇರಲಿಲ್ಲ, ವರದಿಯಷ್ಟೇ ಇತ್ತು. ತಡವಾಗಿ ಬಂದವರನ್ನು ಬರೆದಿಡುತ್ತಿದ್ದ ನನ್ನ ಪುಸ್ತಕದಲ್ಲಿ ಹೊತ್ತಿಗೆ ಒಂದು ಕಾಲಂ ಇತ್ತು, ಕಾರಣಕ್ಕೆ ಇರಲಿಲ್ಲ.

ಮಲ್ಲಿಗೆ ಮುಡಿಯದೆ ಹದಿನಾಲ್ಕು ವರ್ಷವಾಯಿತೆಂದು ಅವರು ಹೇಳಿದರು. ನಡುವೆ ತಮ್ಮ ತಂಗಿಯ ಮದುವೆಗೆ ಒಂದೇ ಒಂದು ದಿನ ಮುಡಿದು, ಮಾರನೆಯ ದಿನ ಮೂರು ಸಲ ತಲೆ ತೊಳೆದು ಕೆಲಸಕ್ಕೆ ಬಂದರಂತೆ. ಮೊದಲು ಹೆರಿಗೆಯ ಡಾಕ್ಟರಾಗಿದ್ದರು. ಆಗ ಮನೆ ತುಂಬ ಸಿಹಿ ತಿಂಡಿಯ ಪೆಟ್ಟಿಗೆಗಳು, ಹೋದಲ್ಲೆಲ್ಲ ನಮಸ್ಕಾರ. ಈ ಚಿಕಿತ್ಸೆಯನ್ನು ಕಲಿಯಲು ಮತ್ತೆ ವಿದ್ಯಾರ್ಥಿನಿಯಾಗಿ ದೂರದ ಊರಿಗೆ ಹೋಗಿ, ಹಿಂದಿರುಗಿದ ಮೇಲೆ ಎಲ್ಲವೂ ತಿರುವುಮುರುವಾಯಿತು.

"ಈಗ ಮದುವೆಗೆ ಹೋದ್ರೆ ನನ್ನ ಪೇಷಂಟುಗಳು ಕಂಬದ ಮರೆಗೆ ಹೋಗ್ತಾರೆ ಸರ್. ನಾನು ಮಾತಾಡಿಸಿದ್ರೆ ನೆಂಟರಿಗೆ ಗೊತ್ತಾಗ್ತದೆ ಅಂತ ಹೆದರಿಕೆ. ಮೊನ್ನೆ ನಾರಾವಿಯಲ್ಲಿ ಒಂದು ಮಗು ನನ್ನ ಸೆರಗು ಹಿಡಿದು ಎಳೀತು. ಐದು ದಿನದ್ದಿರುವಾಗಿಂದ ಗೊತ್ತು ನಂಗೆ ಅದು! ತಾಯಿ 'ಯಾರೋ ಆಂಟಿ, ಬಾ' ಅಂತ ಎಳ್ಕೊಂಡು ಹೋದ್ಳು. ನಾನೂ ಯಾರೋ ಆಂಟಿಯ ಹಾಗೇ ನಿಂತೆ."

"ಬೇಸರ ಆಗುವುದಿಲ್ಲವಾ?"

"ಹೋಗ್ತಾ ಆ ತಾಯಿ ಒಮ್ಮೆ ತಿರುಗಿ ನೋಡಿದ್ಳು ಸರ್. ಅಷ್ಟು ಸಾಕು." ಕೈಗಡಿಯಾರ ನೋಡಿಕೊಂಡು ಅವರು ಒಳಗೆ ಹೋದರು.

ಮರದ ಕೆಳಗೆ ನಿಂತು ನಾನು ಯೋಚಿಸಿದೆ. ನಾವೆಲ್ಲ ಕಂಡ ವೈದ್ಯರು ಹೆಸರಿರುವವರ, ನೋವು ಹೇಳಿಕೊಳ್ಳಬಲ್ಲವರ ವೈದ್ಯರು. ಇವರಾದರೋ ಇನ್ನೂ ಇಲ್ಲದವರ ವೈದ್ಯರು. ಸೂಜಿಯ ಮೊನೆಗಿಂತ ಚಿಕ್ಕದಾದ ಒಂದು ಬಿಂದುವಿಗಾಗಿ ಇವರು ಭಾನುವಾರವನ್ನು ಬಿಟ್ಟಿದ್ದಾರೆ, ಏಕೆಂದರೆ ಆ ಬಿಂದುವಿಗೆ ಭಾನುವಾರ ಗೊತ್ತಿಲ್ಲ. ಈದ್ ಗೊತ್ತಿಲ್ಲ, ದೀಪಾವಳಿ ಗೊತ್ತಿಲ್ಲ, ಬಂದ್ ಗೊತ್ತಿಲ್ಲ. ಐದನೆಯ ದಿನವೆಂದರೆ ಅದಕ್ಕೆ ಐದನೆಯ ದಿನವೇ. ನನ್ನ ಸೀಟಿಗೆ ಐನೂರು ಮಕ್ಕಳು ಒಟ್ಟಿಗೆ ಹೆಜ್ಜೆ ಹಾಕುತ್ತಿದ್ದರು, ಅದನ್ನೇ ನಾನು ಶಿಸ್ತು ಎಂದುಕೊಂಡಿದ್ದೆ. ಇಲ್ಲಿ ಸೀಟಿ ಇರುವುದು ಕಣ್ಣಿಗೆ ಕಾಣದ ಆ ಬಿಂದುವಿನ ಬಳಿ, ಹೆಜ್ಜೆ ಹಾಕುತ್ತಿರುವವರು ಹತ್ತಾರು ವರ್ಷ ಓದಿದ ಡಾಕ್ಟರು. ಅಷ್ಟೆಲ್ಲ ಮಾಡಿಯೂ ಕಡೆಯ ಒಂದು ಹೆಜ್ಜೆ ಅವರ ಕೈಯಲ್ಲಿಲ್ಲ. ಬಾಗಿಲಿನವರೆಗೆ ಕರೆದೊಯ್ದು ಬಿಡಬಹುದು, ಒಳಗೆ ಕೂರಿಸಲಾಗದು. ಇದನ್ನು ತಿಳಿದೂ ಪ್ರತಿದಿನ ಬೆಳಿಗ್ಗೆ ವಾಸನೆಯಿಲ್ಲದ ಸೋಪಿನಲ್ಲಿ ಮಿಂದು ಹೊರಡುವವರ ಮುಂದೆ ನನಗೆ ಟೊಪ್ಪಿ ಸರಿಪಡಿಸಿಕೊಂಡು ನೆಟ್ಟಗೆ ನಿಲ್ಲಬೇಕೆನಿಸಿತು. ನಿಂತೆ ಕೂಡ. ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಮಧ್ಯಾಹ್ನ ಹೊರಬಂದ ಜುಲೇಖಳನ್ನು ನಾಲ್ಕೂ ಕಿಟಕಿ ತೆರೆದು ಮನೆಗೆ ಕರೆತಂದೆ. ಧೂಳು ಧಾರಾಳವಾಗಿ ಒಳಗೆ ಬಂತು. ವೇಣೂರಿನವರೆಗೆ ಅವಳು ಬಟ್ಟೆಯ ಧೂಳು ಕೊಡವುತ್ತ ಕುಳಿತಳು. ಆಮೇಲೆ, "ಸ್ಕ್ರೀನಿನಲ್ಲಿ ಒಂದು ಬಿಳಿ ಚುಕ್ಕೆ ಮಿಂಚಿದ ಹಾಗೆ ಕಂಡಿತು ಮಾಮ. ಡಾಕ್ಟ್ರು ಉಸಿರು ಹಿಡ್ಕೊಂಡಿದ್ರು" ಎಂದಳು. ನನ್ನ ತಪ್ಪಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಮುಂದಿನ ಹನ್ನೆರಡು ದಿನ ಆ ಮಾತು ನಮ್ಮೆರಡು ಮನೆಗಳ ನಡುವಿನ ಅಂಗಳದಲ್ಲೇ ಇತ್ತು. ಗರ್ಭ ನಿಲ್ಲದಿದ್ದರೆ ಯಾರೂ ನನ್ನನ್ನು ದೂರುವುದಿಲ್ಲ, ನನಗೆ ಅದು ಗೊತ್ತಿತ್ತು. ಅವರು ಹಾಗೆ ದೂರದೇ ಇರುವುದನ್ನೇ ನಾನು ಉಳಿದ ಆಯುಸ್ಸೆಲ್ಲ ಹೊರಬೇಕಾಗುತ್ತಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ಜುಲೇಖ ಗರ್ಭ ನಿಂತಿದೆಯೇ ಎಂಬ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು. ಮಧ್ಯಾಹ್ನ ಫೋನು ಬಂದಾಗ ತಾನು ಕೇಳಲಾರೆನೆಂದು ನನ್ನ ಕೈಗೆ ಕೊಟ್ಟಳು.

"ಸರ್, ಇವತ್ತಿಗೆ ಉಂಟು" ಎಂದರು ಡಾಕ್ಟರು.

"ಇವತ್ತಿಗೆ ಅಂದರೆ?"

"ನಮ್ಮಲ್ಲಿ ಉತ್ತರಕ್ಕೊಂದು ತಾರೀಕು ಇರ್ತದೆ ಸರ್. ನಾಡಿದ್ದು ಪುನಃ ರಕ್ತ ನೋಡುವ. ಆಮೇಲೆ ಸ್ಕ್ಯಾನ್. ನಾನು ಇವತ್ತಿನದ್ದು ಮಾತ್ರ ಹೇಳ್ತೇನೆ. ಇವತ್ತಿಗೆ ಉಂಟು."

ನನ್ನ ಮುಖ ನೋಡಿಯೇ ಜುಲೇಖ ಬಾಗಿಲಿನ ಪಕ್ಕ ನೆಲಕ್ಕೆ ಕುಳಿತಳು. ನಫೀಸಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ದಮ್ಮಾಮಿಗೆ ಫೋನು ಮಾಡಿದೆ. ರಫೀಕ್ ಕೆಲಸದ ಜಾಗದಲ್ಲಿದ್ದ, ಹಿಂದೆ ಯಂತ್ರದ ಸದ್ದು.

"ಮಾಮ, ಉಂಟಾ?"

"ಇವತ್ತಿಗೆ ಉಂಟು."

ಯಂತ್ರದ ಸದ್ದು ದೂರವಾಗುತ್ತ ಹೋಯಿತು. ಅವನು ಎಲ್ಲೋ ಗೋಡೆಯ ಮರೆಗೆ ನಡೆದಿರಬೇಕು.

"ನಾಳೆಗೆ ಮಾಮ?"

"ನಾಳೆಯದ್ದು ಡಾಕ್ಟರಿಗೂ ಗೊತ್ತಿಲ್ಲ ಮಾರಾಯ. ನೀನು ದಿನಾ ಇದೇ ಹೊತ್ತಿಗೆ ಫೋನು ಮಾಡು. ತಡವಾದರೂ ಅಡ್ಡಿಯಿಲ್ಲ, ನಾನು ಇಲ್ಲೇ ಇರ್ತೇನೆ."