ಪಾಳಿ ಬದಲಿಸುವ ಓತಿಕ್ಯಾತ

ಬೆಂಗಳೂರಿನ ಚಳಿಗಾಲಕ್ಕೆ ಒಂದೇ ಉಡುಪಿನಲ್ಲಿ ದಿನ ಕಳೆಯುವವರನ್ನು ಕಂಡರಾಗದು. ಬೆಳಗ್ಗೆ ಕರಿಕೋಟು ತೊಟ್ಟು ಕಚೇರಿಗೆ ಹೊರಡುವ ನಾನು, ಹನ್ನೊಂದರ ಹೊತ್ತಿಗೆ ಅದನ್ನು ಕಳಚಿ ತೋಳಿನ ಮೇಲೆ ಹೊತ್ತು ತಿರುಗುತ್ತೇನಾದ್ದರಿಂದ, ಅದರ ಬೆಚ್ಚನೆಯ ಸುಖವೆಲ್ಲ ನನ್ನ ಎಡಗೈಯೊಂದಕ್ಕೇ ಮೀಸಲು. ಈ ವಸ್ತ್ರಾಂತರದ ವಿದ್ಯೆಯನ್ನು ನನಗಿಂತ ಚೆನ್ನಾಗಿ ಬಲ್ಲ ಜೀವಿಯೊಂದು ನಮ್ಮ ಮನೆಯೆದುರೇ ಇದೆಯೆಂದು ತಿಳಿಯಲು ಬಹಳ ದಿನ ಹಿಡಿಯಿತು.

ನಾವು ಜಯನಗರಕ್ಕೆ ಬಂದ ಹೊಸತರಲ್ಲಿ ಅಲ್ಲಿ ಮನೆಗಳಿಗಿಂತ ಬಂಡೆಗಳೇ ಹೆಚ್ಚು. ಎದುರಿನ ಖಾಲಿ ಸೈಟಿನ ಬಂಡೆಯ ಮೇಲೆ, ನಾನು ಬೆಳಗ್ಗೆ ಹೊರಡುವಾಗ ಮಸಿಗಪ್ಪಿನ ಓತಿಕ್ಯಾತವೊಂದು ಬಿಸಿಲಿಗೆ ಮೈಯೊಡ್ಡಿರುತ್ತಿತ್ತು. ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ ಬಂದರೆ ಅಲ್ಲೇ ಮಾಸಲು ಹಳದಿಯದೊಂದು. ಮಿಲ್ಲಿನ ಕೆಲಸಗಾರರಂತೆ ಇವೆರಡೂ ಪಾಳಿಯ ಮೇಲೆ ಬರುತ್ತವೆಂದು ಊಟದ ಹೊತ್ತಿನಲ್ಲಿ ಸಿದ್ಧಾಂತ ಮಂಡಿಸಿದೆ. ನನ್ನ ಹೆಂಡತಿ ಸರಸ್ವತಿ, ಇರುವುದು ಒಂದೇ ಎಂದಳು. ಕಪ್ಪು ಶಾಖವನ್ನು ಹೀರುತ್ತದೆ, ಬಿಳುಪು ಹಿಂದಿರುಗಿಸುತ್ತದೆ ಎಂದು ಹೈಸ್ಕೂಲಿನಲ್ಲಿ ಉರುಹೊಡೆದು ಅಂಕ ಗಿಟ್ಟಿಸಿದ್ದ ನಾನು ಅವಳ ಅಜ್ಞಾನಕ್ಕೆ ನಕ್ಕೆ.

ಒಳಕೋಣೆಯಲ್ಲಿ ಅಪ್ಪ ಮಲಗಿದ್ದರು. ಟೈಫಾಯಿಡ್ ಬಿಟ್ಟು ಎರಡು ತಿಂಗಳಾಗಿತ್ತು. ಎಳೆಬಿಸಿಲಿನಲ್ಲಿ ಕೂರಿಸಿ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಮಾತ್ರ, ಹೊರಗೆ ತಮಗೇನು ಕೆಲಸವೆಂದು ಗೋಡೆಯತ್ತ ಹೊರಳುತ್ತಿದ್ದರು. ಅವರು ಇನ್ನು ಏಳುವುದೇ ಇಲ್ಲವೇನೋ ಎಂದು ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಆದರೆ ಅವರು ಕೋರ್ಟಿನ ನಿವೃತ್ತ ಶಿರಸ್ತೇದಾರರು. ನಮ್ಮ ವ್ಯಾಜ್ಯ ದಿನವೂ ಅವರ ಕಿವಿಗೆ ಬೀಳುತ್ತಿತ್ತು, ಇತ್ಯರ್ಥವಾಗುತ್ತಿರಲಿಲ್ಲ. ಮುಂದಿನ ಶನಿವಾರ ನಾನು ಮನೆಗೆ ಬಂದರೆ ಅಪ್ಪ ಜಗಲಿಯ ಆರಾಮಕುರ್ಚಿಯಲ್ಲಿದ್ದಾರೆ! ಎಂಟು ಗಂಟೆಗೆ ತಾವಾಗಿಯೇ ಎದ್ದು, ಹಳೆಯ ಕರಿಕೋಟು ಕೇಳಿ ತೊಟ್ಟು ಬಂದು ಕೂತರಂತೆ. ಈಗ ಕೋಟು ಮಡಿಲಲ್ಲಿತ್ತು.

"ಒಂದೇ ಕಣೋ," ಎಂದರು. "ಬಾಲದ ತುದಿ ಮೊಂಡು, ಗುರುತಿಟ್ಟುಕೊಂಡಿದೀನಿ. ಚಳೀಲಿ ಕಪ್ಪಗಿತ್ತು, ಮೈ ಕಾಯ್ತಾ ಕಾಯ್ತಾ ಬೆಳ್ಳಗಾಯ್ತು. ಸಂಜೆ ಮತ್ತೆ ಕಪ್ಪಗಾಗುತ್ತೋ ಏನೋ, ನಾಳೆ ಪೂರ್ತಿ ಕೂತು ನೋಡ್ಬೇಕು."

ನಾನು ಸೋತದ್ದಕ್ಕೆ ಸರಸ್ವತಿ ನಗಲಿಲ್ಲ. ಅಪ್ಪನ ಬಾಯಲ್ಲಿ 'ನಾಳೆ' ಎಂಬ ಮಾತು ಕೇಳಿ ಎರಡು ತಿಂಗಳಾಗಿತ್ತೆಂಬುದು ಇಬ್ಬರಿಗೂ ಹೊಳೆದಿತ್ತು. ಅವಳು ಕಾಫಿಯ ನೆಪದಲ್ಲಿ ಒಳಗೆ ಹೋದಳು.

ಮರುದಿನ ಭಾನುವಾರ. ಬೆಳಗಿನ ಚಳಿಯಲ್ಲಿ ಜಗಲಿಯ ಮೇಲೆ ಎರಡು ಕರಿಕೋಟು, ಎದುರಿನ ಬಂಡೆಯ ಮೇಲೆ ಮೂರನೆಯದು. ಹನ್ನೊಂದರ ಹೊತ್ತಿಗೆ ಮೂವರೂ ಕಳಚಿದೆವು.